ಹಿತ್ತಲ ಕೋಳಿ, ಬಾತುಗಳ ಕುಕ್ಕಾಟ ಮತ್ತು ಕಾಟ: ಪದೇ ಪದೇ ಕೇಳುವ ಪ್ರಶ್ನೆಗಳು

ನಾಲ್ಕಾರು ಕೋಳಿ, ಒಂದೆರಡು ಜೋಡಿ ಬಾತು ಸಾಕುವವರೆಲ್ಲ ಒಂದಲ್ಲ ಒಂದು ದಿನ ಈ ವಿಷಯಕ್ಕೆ ತಲೆ ಕೆಡಿಸಿಕೊಂಡಿರುತ್ತಾರೆ. ಒಂದು ಹೇಂಟೆ ಇನ್ನೊಂದನ್ನು ಮೇವಿನ ಹತ್ತಿರ ಬಿಡುವುದಿಲ್ಲ. ಗಂಡು ಬಾತು ಒಂದೇ ಹೆಣ್ಣಿನ ಬೆನ್ನು ಹತ್ತಿರುತ್ತದೆ. ಹೊಸದಾಗಿ ತಂದ ಕೋಳಿ ಮೂಲೆಯಲ್ಲಿ ತಲೆ ತೂರಿಸಿ ನಿಂತಿರುತ್ತದೆ. ನೋಡಿದರೆ ಕರುಳು ಚುರುಕ್ ಅನ್ನುತ್ತದೆ, ಅಲ್ವಾ?

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹಕ್ಕಿಗಳ ಗುಂಪಿನಲ್ಲಿ ಮೇಲು ಕೆಳಗು ಇದ್ದೇ ಇರುತ್ತದೆ. ಅದನ್ನು ತೆಗೆದುಹಾಕಲು ನಮ್ಮಿಂದ ಆಗದು, ಆಗಬೇಕಾಗಿಯೂ ಇಲ್ಲ. ಆದರೆ ಕೆಳಗಿನ ಹಕ್ಕಿಗೆ ತಪ್ಪಿಸಿಕೊಳ್ಳಲು ದಾರಿ ಇಲ್ಲದಿದ್ದರೆ ಅದೇ ಮೇಲು ಕೆಳಗು ಹಿಂಸೆಯಾಗುತ್ತದೆ. ಆ ದಾರಿ ಮಾಡಿಕೊಡುವುದು ಸಾಕುವವರ ಕೈಯಲ್ಲೇ ಇದೆ.

ಕೋಳಿಗಳು ಒಂದನ್ನೊಂದು ಕುಕ್ಕುವುದು ಸಹಜವಾ?

ಸಹಜವೇ. ಪ್ರತಿ ಗುಂಪಿನಲ್ಲೂ ಯಾರು ಯಾರನ್ನು ಕುಕ್ಕಬಹುದು ಅನ್ನುವುದು ತೀರ್ಮಾನ ಆಗಿರುತ್ತದೆ. ಮೇಲಿನದು ಕುಕ್ಕುತ್ತದೆ, ಕೆಳಗಿನದು ಸರಿದುಕೊಳ್ಳುತ್ತದೆ. ಚಿಕ್ಕಂದಿನಿಂದ ಕೋಳಿಗಳನ್ನೇ ನೋಡುತ್ತಾ ಬೆಳೆದ ನಾರ್ವೆಯ ಥೋರ್ಲೀಫ್ ಶೆಲ್ಡೆರುಪ್-ಎಬ್ಬೆ ಎಂಬ ಪ್ರಾಣಿಶಾಸ್ತ್ರಜ್ಞ ಇದನ್ನು 1920ರ ದಶಕದ ಆರಂಭದಲ್ಲೇ ವಿವರವಾಗಿ ಬರೆದಿಟ್ಟರು. ಆಮೇಲೆ ಇತರ ಪ್ರಾಣಿಗಳ ಗುಂಪುಗಳನ್ನೂ ಜನ ಈ ಕಣ್ಣಿನಿಂದ ನೋಡತೊಡಗಿದರು.

ಮೇವು ಹಾಕಿದ ಮೇಲೆ ಸ್ವಲ್ಪ ಹೊತ್ತು ಅಲ್ಲೇ ಸುಮ್ನೆ ಕೂತು ನೋಡಿ. ಮೇಲಿನ ಹೇಂಟೆ ಬರುತ್ತಿದ್ದ ಹಾಗೇ ಕೆಳಗಿನದು ಕತ್ತು ಕುಗ್ಗಿಸುತ್ತದೆ, ತಲೆ ತಗ್ಗಿಸುತ್ತದೆ, ಒಂದು ಹೆಜ್ಜೆ ಪಕ್ಕಕ್ಕೆ ಇಡುತ್ತದೆ. ಬಂದದ್ದು ತಿನ್ನಲು ಶುರು ಮಾಡುತ್ತದೆ. ಸರಿದದ್ದು ಎರಡು ಅಡಿ ಆಚೆ ಹೋಗಿ ಅಲ್ಲಿ ತಿನ್ನುತ್ತದೆ. ಕೊಕ್ಕು ಮೈಗೆ ತಾಗುವುದೇ ಇಲ್ಲ. ಮೇಲು ಕೆಳಗು ಗಟ್ಟಿಯಾಗಿರುವ ಗುಂಪು ಹೀಗಿರುತ್ತದೆ. ಯಾರ ಜಾಗ ಯಾವುದು ಅಂತ ಗೊತ್ತಿದ್ದಾಗ ಜಗಳ ಕಮ್ಮಿ. ಗೊತ್ತಿಲ್ಲದಾಗ, ಅಂದರೆ ಹೊಸಬರು ಬಂದಾಗ, ಒಂದು ಸತ್ತಾಗ, ಎಳೆಯವು ಮೊಟ್ಟೆಗೆ ಬಂದಾಗ ಜಗಳ ಜಾಸ್ತಿ.

ಹಾಗಾದರೆ ಯಾವಾಗ ಚಿಂತೆ ಮಾಡಬೇಕು?

ಒಂದು ಕುಕ್ಕು, ಒಂದು ಓಟ, ಅಲ್ಲಿಗೆ ಮುಗಿಯಿತು ಅಂದರೆ ಬಿಟ್ಟುಬಿಡಿ. ಓಡಿಹೋದದ್ದನ್ನು ಬಿಡದೆ ಅಟ್ಟಿಸಿಕೊಂಡು ಹೋಗಿ ಮತ್ತೆ ಮತ್ತೆ ಕುಕ್ಕುತ್ತಿದ್ದರೆ ಅದು ಕಾಟ. ರಕ್ತ ಕಂಡರೆ ಅವತ್ತೇ, ಆಗಲೇ ಕೈ ಹಾಕಬೇಕು.

ಇವೆರಡರ ನಡುವೆ ಕಣ್ಣಿಗೆ ಬೀಳದ ಕಾಟ ಒಂದಿದೆ, ನನ್ನ ಮಟ್ಟಿಗೆ ಅದೇ ಹೆಚ್ಚು ಅಪಾಯ. ಒಂದು ಹೇಂಟೆ ಇಡೀ ದಿನ ಮೊಟ್ಟೆ ಗೂಡಿನಲ್ಲಿ ಅಥವಾ ಕೂರುವ ಕೋಲಿನ ಮೇಲೆ ಉಳಿದುಬಿಡುತ್ತದೆ. ಕೆಳಗೆ ಇಳಿದರೆ ಹೊಡೆತ ಬೀಳುತ್ತದೆ ಅಂತ ಅದಕ್ಕೆ ಗೊತ್ತು. ಗಾಯ ಇಲ್ಲ, ಸದ್ದಿಲ್ಲ. ಆದರೆ ತಿನ್ನುತ್ತಿಲ್ಲ, ಕುಡಿಯುತ್ತಿಲ್ಲ. ಅನುಮಾನ ಬಂದರೆ ಸಂಜೆ ಗೂಡು ಸೇರಿದ ಮೇಲೆ ಎತ್ತಿ, ಕತ್ತಿನ ಬುಡದಲ್ಲಿರುವ ಮೇವಿನ ಚೀಲ ಮುಟ್ಟಿ ನೋಡಿ. ದಿನವಿಡೀ ಮೇದ ಕೋಳಿಯ ಚೀಲ ಆ ಹೊತ್ತಿಗೆ ತುಂಬಿರುತ್ತದೆ. ಬೇರೆಯವುಗಳದು ತುಂಬಿದ್ದು ಇದರದು ಮಾತ್ರ ಖಾಲಿ ಇದ್ದರೆ ಉತ್ತರ ಸಿಕ್ಕಿತು. ಎದೆಯ ಮೂಳೆಯನ್ನೂ ಸವರಿ. ಅದು ಚೂಪಾಗಿ ಕೈಗೆ ಹತ್ತುತ್ತಿದ್ದರೆ ಹಕ್ಕಿ ಬಹಳ ದಿನಗಳಿಂದ ಸೊರಗುತ್ತಿದೆ.

ಎಷ್ಟು ಜಾಗ ಕೊಟ್ಟರೆ ಸಾಕು?

ಸಾಮಾನ್ಯವಾಗಿ ಹೇಳುವ ಲೆಕ್ಕ ಹೀಗಿದೆ: ಗೂಡಿನ ಒಳಗೆ ಕೋಳಿಗೆ ತಲಾ 4 ಚದರ ಅಡಿ, ಹೊರಗಿನ ಬೇಲಿಯೊಳಗೆ ತಲಾ 10 ಚದರ ಅಡಿ. ಬಾತು ನೆಲದಲ್ಲೇ ಮಲಗುವುದರಿಂದ ಅದಕ್ಕೆ ಒಳಗೆ ಇನ್ನೂ ಸ್ವಲ್ಪ ಹೆಚ್ಚು ಬೇಕು, 5-6 ಚದರ ಅಡಿ ಇದ್ದರೆ ಒಳ್ಳೆಯದು. ಕೂರುವ ಕೋಲಿನಲ್ಲಿ ಒಂದೊಂದು ಕೋಳಿಗೆ 20-25 ಸೆಂಟಿಮೀಟರ್. ಮೊಟ್ಟೆ ಗೂಡು 4-5 ಹೇಂಟೆಗೆ ಒಂದು. ಇವೆಲ್ಲ ಕನಿಷ್ಠದ ಲೆಕ್ಕ. ಇಡೀ ದಿನ ಬೇಲಿಯೊಳಗೇ ಇರುವ ಹಕ್ಕಿಗಳಿಗೆ ಇದರ ಎರಡು ಪಟ್ಟು ಕೊಟ್ಟರೂ ಹೆಚ್ಚಾಗುವುದಿಲ್ಲ.

ಆದರೆ ಬರೀ ಅಳತೆ ಮುಖ್ಯ ಅಲ್ಲ. ಬಟ್ಟ ಬಯಲಾದ ದೊಡ್ಡ ಅಂಗಳಕ್ಕಿಂತ ಅಡ್ಡಗಳಿರುವ ಚಿಕ್ಕ ಅಂಗಳವೇ ಮೇಲು. ಕುಕ್ಕುವ ಹಕ್ಕಿಯ ಕಣ್ಣಿಂದ ಮರೆಯಾದರೆ ಸಾಮಾನ್ಯವಾಗಿ ಬೆನ್ನಟ್ಟುವುದು ನಿಲ್ಲುತ್ತದೆ. ಒಂದು ಹಲಗೆಯನ್ನು ಗೋಡೆಗೆ ಒರಗಿಸಿಡಿ. ಎರಡೂ ತುದಿ ತೆರೆದಿರಲಿ, ಒಂದು ಕಡೆ ಮುಚ್ಚಿದ್ದರೆ ಅದೇ ಬಲೆ ಆಗುತ್ತದೆ. ಮರದ ತುಂಡು, ಕೊಂಬೆಗಳ ರಾಶಿ, ಬೋರಲು ಹಾಕಿ ಎರಡೂ ಕಡೆ ಬಾಗಿಲು ಕೊಯ್ದ ಪೆಟ್ಟಿಗೆ, ಇವೆಲ್ಲ ಕೆಲಸಕ್ಕೆ ಬರುತ್ತವೆ. ಬೇಲಿಯ ಚೂಪು ಮೂಲೆಗಳಿಗೆ ಅಡ್ಡಲಾಗಿ ಏನಾದರೂ ಇಟ್ಟು ಹಕ್ಕಿ ಅಲ್ಲಿ ಸಿಕ್ಕಿಬೀಳದ ಹಾಗೆ ಮಾಡಿ. ಬಲವಾದ ಪೆಟ್ಟುಗಳು ಬೀಳುವುದು ಮೂಲೆಗಳಲ್ಲೇ.

ಮೇವು, ನೀರು ಕನಿಷ್ಠ ಎರಡು ಕಡೆ ಇರಲಿ. ಅದೂ ಒಂದರ ಪಕ್ಕ ಒಂದಲ್ಲ, ಒಂದರಿಂದ ಇನ್ನೊಂದು ಕಾಣದ ಹಾಗೆ. ಒಂದು ಕೋಳಿ ಎರಡು ಕಡೆ ಕಾವಲು ಕಾಯಲಾರದು. ನಾನಂತೂ ಯಾರು ಏನೇ ಕೇಳಿದರೂ ಮೊದಲು ಇದನ್ನೇ ಮಾಡಿ ಅನ್ನುತ್ತೇನೆ. ಖರ್ಚು ಏನೂ ಇಲ್ಲ, ಮಾರನೇ ದಿನವೇ ವ್ಯತ್ಯಾಸ ಕಾಣಬಹುದು.

ಬಾತುಗಳಲ್ಲೂ ಹೀಗೇ ಮೇಲು ಕೆಳಗು ಇರುತ್ತದಾ?

ಇರುತ್ತದೆ, ಆದರೆ ಕೋಳಿಗಳಷ್ಟು ಕಟ್ಟುನಿಟ್ಟಲ್ಲ. ಬಾತುಗಳು ಎದೆಗೆ ಎದೆ ಕೊಟ್ಟು ತಳ್ಳುತ್ತವೆ, ಕತ್ತಿನ ಪುಕ್ಕ ಹಿಡಿದು ಎಳೆಯುತ್ತವೆ, ಕತ್ತು ಚಾಚಿ ಓಡಿಸುತ್ತವೆ. ಹೆಣ್ಣು ಬಾತು ಒಂದು ಭುಜದ ಮೇಲಿಂದ ಪಕ್ಕಕ್ಕೆ ತಲೆ ಆಡಿಸುತ್ತಾ, ಗದ್ದಲ ಮಾಡುತ್ತಾ ತನ್ನ ಗಂಡನ್ನು ಇನ್ನೊಂದರ ಮೇಲೆ ಎತ್ತಿಕಟ್ಟುವುದೂ ಉಂಟು. ನೋಡಲು ದೊಡ್ಡ ಜಗಳದ ಹಾಗೆ ಕಂಡರೂ ಇದರಲ್ಲಿ ಹೆಚ್ಚಿನದು ಕ್ಷಣಮಾತ್ರದ್ದು.

ಬಾತುಗಳ ನಿಜವಾದ ತೊಂದರೆ ಬೇರೆ ಕಡೆಯಿಂದ ಬರುತ್ತದೆ: ಗಂಡುಗಳ ಕೂಡುವ ಆತುರ. ಅದರ ಬಗ್ಗೆ ಮುಂದೆ ಬಿಡಿಸಿ ಹೇಳಿದ್ದೇನೆ.

ಕೋಳಿ, ಬಾತು ಒಟ್ಟಿಗೆ ಸಾಕಬಹುದಾ?

ಹಗಲು ಒಂದೇ ಹಿತ್ತಲಲ್ಲಿ ಮೇಯಲಿ, ರಾತ್ರಿ ಬೇರೆ ಬೇರೆ ಮಲಗಲಿ. ಇದು ನನ್ನ ಖಚಿತ ಅಭಿಪ್ರಾಯ. ಕೋಳಿ ಕತ್ತಲಾದರೆ ಕೋಲಿನ ಮೇಲೆ ಹತ್ತಿ ಅಲುಗಾಡದೆ ಕೂರುತ್ತದೆ. ಬಾತು ರಾತ್ರಿಯೂ ಎದ್ದು ಓಡಾಡುತ್ತದೆ, ನೀರು ಚೆಲ್ಲುತ್ತದೆ, ಮಾತಾಡುತ್ತಲೇ ಇರುತ್ತದೆ. ಮೇಲಿನಿಂದ ಕೋಳಿ ಹಿಕ್ಕೆ ಬಾತಿನ ಬೆನ್ನಿಗೆ ಬೀಳುತ್ತದೆ. ಕೆಳಗಿನ ಒದ್ದೆ ಹಾಸಿನಿಂದ ಕೋಳಿಗೆ ಕಾಲು, ಶ್ವಾಸಕೋಶದ ತೊಂದರೆ ಬರುತ್ತದೆ. ನಿದ್ದೆಗೆಟ್ಟು, ಒದ್ದೆಯಲ್ಲಿ ಇಕ್ಕಟ್ಟಾಗಿ ರಾತ್ರಿ ಕಳೆದ ಹಕ್ಕಿಗಳು ಬೆಳಿಗ್ಗೆ ಸಿಡಿಮಿಡಿ ಮಾಡುತ್ತಲೇ ಹೊರಗೆ ಬರುತ್ತವೆ.

ನೀರಿನ ವಿಷಯದಲ್ಲೂ ಎರಡಕ್ಕೂ ಬೇರೆ ಬೇರೆ ಬೇಕು. ಬಾತಿಗೆ ಕಣ್ಣು, ಮೂಗು ತೊಳೆದುಕೊಳ್ಳಲು ತಲೆ ಪೂರ್ತಿ ಮುಳುಗುವಷ್ಟು ಆಳದ ಪಾತ್ರೆ ಇರಬೇಕು. ಒಂದೇ ಪಾತ್ರೆ ಇಟ್ಟರೆ ಬಾತು ಅದನ್ನು ಕೆಸರು ಮಾಡಿಬಿಡುತ್ತದೆ, ಕೋಳಿಗೆ ಕುಡಿಯುವ ನೀರೇ ಇರುವುದಿಲ್ಲ. ಕೋಳಿಯ ನೀರನ್ನು ಸ್ವಲ್ಪ ಎತ್ತರದಲ್ಲಿ, ಇಟ್ಟಿಗೆ ಜೋಡಿಸಿ ಇಡಿ.

ಮೇವಿನ ಬಗ್ಗೆಯೂ ಎಚ್ಚರ ಬೇಕು. ಬಾತಿಗೆ ಕೋಳಿಗಿಂತ ಹೆಚ್ಚು ನಯಾಸಿನ್, ಅಂದರೆ ಬಿ3 ವಿಟಮಿನ್ ಬೇಕಾಗುತ್ತದೆ. ಬೆಳೆಯುವ ಬಾತಿನ ಮರಿಗಳಿಗೆ ಬರೀ ಕೋಳಿ ಮೇವು ಹಾಕಿದರೆ ಕಾಲು ಸೋಲುವ ಸಾಧ್ಯತೆ ಇದೆ. ಕುಂಟುವ ಮರಿ ಗುಂಪಿನ ಕಾಟಕ್ಕೆ ಮೊದಲು ಸಿಗುವ ಮರಿ.

ಗಂಡು ಬಾತು ಹೇಂಟೆಗಳ ಮೇಲೆ ಹತ್ತುತ್ತಿದೆ. ಬಿಡಬಹುದಾ?

ಬಿಡಬಾರದು. ಈ ಪುಟದಲ್ಲಿ ಒಂದೇ ಒಂದು ಉತ್ತರ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಹುಂಜಕ್ಕೆ ಒಳಸೇರುವ ಅಂಗ ಇಲ್ಲ. ಹುಂಜ ಮತ್ತು ಹೇಂಟೆ ಬಾಲದ ಕೆಳಗಿರುವ ತಮ್ಮ ದ್ವಾರಗಳನ್ನು ಒಂದು ಕ್ಷಣ ತಾಗಿಸುತ್ತವೆ, ಅಷ್ಟೇ. ಗಂಡು ಬಾತಿಗೆ ತಿರುಚಿದ ಆಕಾರದ ಉದ್ದನೆಯ ಅಂಗ ಇದೆ. ಹೆಣ್ಣು ಬಾತಿನ ಮೈ ಅದಕ್ಕೆ ಹೊಂದಿಕೊಂಡಿದೆ, ಹೇಂಟೆಯ ಮೈ ಹೊಂದಿಕೊಂಡಿಲ್ಲ. ಒಳಗೆ ಹರಿದು, ಸೋಂಕಾಗಿ ಹೇಂಟೆ ಸಾಯಬಹುದು. ಅದರ ಮೇಲೆ ಗಂಡು ಬಾತು ಹೇಂಟೆಯ ಹಿಂದಲೆಯನ್ನು ಕಚ್ಚಿ ಹಿಡಿದು ನೆಲಕ್ಕೆ ಒತ್ತುತ್ತದೆ. ಜುಟ್ಟು, ಕಣ್ಣಿಗೂ ಪೆಟ್ಟಾಗುತ್ತದೆ.

ಹಾಗಂತ ಎಲ್ಲ ಗಂಡು ಬಾತುಗಳೂ ಹೇಂಟೆಗಳ ತಂಟೆಗೆ ಹೋಗುವುದಿಲ್ಲ. ಸಾಕಷ್ಟು ಹೆಣ್ಣು ಬಾತುಗಳಿದ್ದರೆ ವರ್ಷಗಟ್ಟಲೆ ಸುಮ್ಮನಿರುವವೂ ಇವೆ. ಕೋಳಿಮರಿಗಳ ಜೊತೆಯಲ್ಲೇ ಬೆಳೆದ ಗಂಡು ಬಾತಿಗೆ ಕೋಳಿಯೇ ತನ್ನ ಜಾತಿ ಅನ್ನಿಸಿರುವ ಸಾಧ್ಯತೆ ಹೆಚ್ಚು, ಅದರ ಮೇಲೆ ಕಣ್ಣಿಡಿ. ಒಂದು ಸಲ ಪ್ರಯತ್ನ ಮಾಡಿದ ಗಂಡನ್ನು ಮತ್ತೆ ಹೇಂಟೆಗಳ ಜೊತೆ ಬಿಡಬೇಡಿ. ಬೈದರೆ, ಓಡಿಸಿದರೆ ಅದು ಬದಲಾಗುವುದಿಲ್ಲ. ಬೇಲಿಯೇ ಪರಿಹಾರ.

ಹುಂಜ ಹೆಣ್ಣು ಬಾತಿನ ಮೇಲೆ ಹತ್ತುವುದೂ ಆಗಾಗ ಕಾಣಿಸುತ್ತದೆ. ಒಳಗಿನ ಗಾಯದ ಭಯ ಇಲ್ಲಿಲ್ಲ. ಆದರೆ ಅದರ ಉಗುರು, ಕಾಲಿನ ಮುಳ್ಳು ಬಾತಿನ ಬೆನ್ನು ಸೀಳಬಲ್ಲವು. ಇಲ್ಲೂ ಬೇರೆ ಮಾಡುವುದೇ ಸರಿ.

ಎಷ್ಟು ಹೆಣ್ಣಿಗೆ ಒಂದು ಗಂಡು ಇರಬೇಕು?

ಬಾತುಗಳಲ್ಲಿ ಒಂದು ಗಂಡಿಗೆ ಕನಿಷ್ಠ 4-6 ಹೆಣ್ಣು. ಕೋಳಿಗಳಲ್ಲಿ ಒಂದು ಹುಂಜಕ್ಕೆ 8-10 ಹೇಂಟೆ. ಗಂಡು ಜಾಸ್ತಿ ಆದರೆ ಹೆಣ್ಣುಗಳ ಬೆನ್ನು, ಕತ್ತು ಬೋಳಾಗುತ್ತವೆ. ಲೆಕ್ಕ ಸರಿ ಇದ್ದರೂ ಗಂಡಿಗೆ ಒಂದೇ ಹೆಣ್ಣಿನ ಮೇಲೆ ಒಲವು ಇರಬಹುದು. ಆಗ ಆ ಹೆಣ್ಣಿಗೆ ದಿನದಲ್ಲಿ ಕೆಲವು ಗಂಟೆ ಬಿಡುವು ಕೊಡಬೇಕು.

ಗಂಡು ಬಾತುಗಳು ಹಲವು ಸೇರಿಕೊಂಡು ನೀರಿನಲ್ಲಿ ಒಂದೇ ಹೆಣ್ಣಿನ ಮೇಲೆ ಬಿದ್ದರೆ ಅದು ಮುಳುಗಿ ಸಾಯಬಹುದು. ಬಾತುಗಳು ನೀರಿನಲ್ಲೇ ಕೂಡಲು ಇಷ್ಟಪಡುವುದರಿಂದ ಇದು ಕೊಳದಲ್ಲಿ ನಡೆಯುವ ಅನಾಹುತ. ಗಂಡುಗಳು ಹೆಚ್ಚಿದ್ದಷ್ಟು ದಿನ ಆಳದ ನೀರಿಗೆ ಒಟ್ಟಿಗೆ ಬಿಡಬೇಡಿ.

ಗಂಡು ಬಾತುಗಳು ಜಾಸ್ತಿ ಆಗಿವೆ, ಆದರೆ ಯಾರಿಗೂ ಕೊಡಲು ಮನಸ್ಸಿಲ್ಲ.

ಹಾಗಾದರೆ ಗಂಡುಗಳದೇ ಒಂದು ಗುಂಪು ಮಾಡಿ. ಹೆಣ್ಣುಗಳು ಕಣ್ಣಿಗೆ ಬೀಳದ ಕಡೆ ಇಟ್ಟರೆ ಗಂಡು ಬಾತುಗಳು ಸಾಮಾನ್ಯವಾಗಿ ಚೆನ್ನಾಗಿಯೇ ಹೊಂದಿಕೊಂಡು ಹೋಗುತ್ತವೆ. ಮೊದಲ ಕೆಲವು ದಿನ ತಳ್ಳಾಟ ಇದ್ದೇ ಇರುತ್ತದೆ. ಬೇಲಿ ಬರೀ ಜಾಲರಿಯಾಗಿದ್ದು ಆಚೆ ಹೆಣ್ಣುಗಳು ಕಾಣುತ್ತಿದ್ದರೆ ದಿನವಿಡೀ ಬೇಲಿ ಉದ್ದಕ್ಕೂ ನಡೆದಾಡುತ್ತಾ ತಮ್ಮ ತಮ್ಮಲ್ಲೇ ಕಾದಾಡುತ್ತವೆ. ಕೆಳಗಿನ ಎರಡು ಅಡಿಯನ್ನು ಹಲಗೆಯಿಂದ ಮುಚ್ಚಿದರೆ ಸಾಕು.

ಗಂಡು ಯಾವುದು ಅಂತ ಮರಿಗಳಲ್ಲಿ ಬೇಗ ತಿಳಿಯಲು ದನಿ ಕೇಳಿ. ಸಾಮಾನ್ಯ ಬಾತು ತಳಿಗಳಲ್ಲಿ ಹೆಣ್ಣು ಜೋರಾಗಿ ಕ್ವಾಕ್ ಅನ್ನುತ್ತದೆ, ಗಂಡಿನದು ಗಂಟಲು ಕಟ್ಟಿದ ದನಿ. ಬಾಲದ ಮೇಲಿನ ಸುರುಳಿ ಪುಕ್ಕ ಗಂಡಿಗೆ ಆಮೇಲೆ ಬರುತ್ತದೆ. ಎಳೆಯದರಲ್ಲೇ ತಿಳಿದುಕೊಂಡರೆ ಲೆಕ್ಕ ತಪ್ಪುವ ಮೊದಲೇ ಯೋಚಿಸಲು ಸಮಯ ಸಿಗುತ್ತದೆ.

ಹೊಸ ಹಕ್ಕಿಗಳನ್ನು ಹಳೆಯವುಗಳ ಜೊತೆ ಸೇರಿಸುವುದು ಹೇಗೆ?

ನಿಧಾನವಾಗಿ. ಒಂದೇ ದಿನದಲ್ಲಿ ಸೇರಿಸುವುದರಿಂದಲೇ ಅರ್ಧ ಜಗಳಗಳು ಹುಟ್ಟುತ್ತವೆ.

ಮೊದಲು 3-4 ವಾರ ಪೂರ್ತಿ ಬೇರೆ ಇಡಿ. ಇದು ಜಗಳಕ್ಕಲ್ಲ, ರೋಗಕ್ಕೆ. ಹೊಸದರ ಮೈಯಲ್ಲಿ ಹೇನು, ನುಸಿ, ನೆಗಡಿ ಏನೇ ಇದ್ದರೂ ಆ ಹೊತ್ತಿಗೆ ಗೊತ್ತಾಗುತ್ತದೆ. ಆಮೇಲೆ ಜಾಲರಿಯ ಆಚೆ ಈಚೆ ಇಟ್ಟು ಒಂದೆರಡು ವಾರ ನೋಡಿಕೊಳ್ಳಲು ಬಿಡಿ. ಎರಡೂ ಕಡೆಯ ಮೇವಿನ ತಟ್ಟೆಗಳನ್ನು ಜಾಲರಿಯ ಹತ್ತಿರಕ್ಕೆ ತನ್ನಿ, ಒಟ್ಟಿಗೆ ತಿಂದ ಹಾಗೆ ಆಗುತ್ತದೆ. ಮೊದಲ ದಿನ ಜಾಲರಿಗೇ ಕುಕ್ಕುತ್ತವೆ, ಕತ್ತಿನ ಪುಕ್ಕ ಕೆದರಿ ನಿಲ್ಲುತ್ತವೆ. ಹೋಗ್ತಾ ಹೋಗ್ತಾ ಹಳೆಯವು ಆ ಕಡೆ ತಿರುಗಿಯೂ ನೋಡದೆ ತಮ್ಮ ಪಾಡಿಗೆ ಮಣ್ಣು ಕೆದಕುತ್ತಿರುತ್ತವೆ. ಆಗ ಜಾಲರಿ ತೆಗೆಯಬಹುದು.

ಒಂದನ್ನೇ ತಂದು ಸೇರಿಸಬೇಡಿ. ಎರಡು ಮೂರು ಇದ್ದರೆ ಪೆಟ್ಟು ಹಂಚಿಹೋಗುತ್ತದೆ, ಒಂದಕ್ಕೊಂದು ಜೊತೆಯೂ ಇರುತ್ತದೆ. ಗಾತ್ರ ಹೆಚ್ಚುಕಮ್ಮಿ ಸಮ ಇರಬೇಕು. 12 ವಾರಕ್ಕಿಂತ ಎಳೆಯದನ್ನು ದೊಡ್ಡ ಹೇಂಟೆಗಳ ನಡುವೆ ಬಿಡುವ ಆತುರ ಬೇಡ. ಸಾಧ್ಯವಾದರೆ ಮೊದಲ ಭೇಟಿ ಯಾರಿಗೂ ಸೇರದ ಹೊಸ ಜಾಗದಲ್ಲಿ ನಡೆಯಲಿ. ಗೂಡು ಹಳೆಯವುಗಳದು, ಅದನ್ನು ಬಿಟ್ಟುಕೊಡಲು ಅವಕ್ಕೆ ಇಷ್ಟ ಇರುವುದಿಲ್ಲ.

ರಾತ್ರಿ ಕತ್ತಲಲ್ಲಿ ಕೋಲಿನ ಮೇಲೆ ಕೂರಿಸಿಬಿಟ್ಟರೆ ಸಾಕು, ಬೆಳಿಗ್ಗೆ ಹಳೆಯವಕ್ಕೆ ಗೊತ್ತೇ ಆಗುವುದಿಲ್ಲ ಅಂತ ಹಲವರು ಹೇಳುತ್ತಾರೆ. ಗೊತ್ತಾಗುತ್ತದೆ. ಕೋಳಿಗಳು ಒಂದರ ಮುಖ ಒಂದು ಚೆನ್ನಾಗಿ ಗುರುತು ಹಿಡಿಯುತ್ತವೆ. ಜಾಲರಿಯ ಪರಿಚಯ ಮುಗಿದ ಮೇಲೆ ರಾತ್ರಿ ಸೇರಿಸಿದರೆ ಅನುಕೂಲ, ಪರಿಚಯವೇ ಇಲ್ಲದೆ ಸೇರಿಸಿದರೆ ಬೆಳಗಾಗುವ ಮುಂಚೆಯೇ ನೀವು ಎದ್ದು ಹೋಗಿ ಬಾಗಿಲು ತೆರೆಯಬೇಕು. ಮುಚ್ಚಿದ ಗೂಡಿನಲ್ಲಿ ಹೊಸದಕ್ಕೆ ಓಡಲು ಜಾಗ ಇರುವುದಿಲ್ಲ.

ಒಂದೇ ಒಂದು ಹೇಂಟೆ ಎಲ್ಲರಿಗೂ ಕಾಟ ಕೊಡುತ್ತಿದೆ. ಏನು ಮಾಡಲಿ?

ಮೇವು, ನೀರು, ಮರೆ ಎಲ್ಲ ಸರಿ ಮಾಡಿದ ಮೇಲೂ ಹೀಗಿದ್ದರೆ ಆ ಹೇಂಟೆಯನ್ನೇ ಹೊರಗೆ ತೆಗೆಯಿರಿ. ನಮಗೆ ತಕ್ಷಣ ತೋಚುವುದು ಪೆಟ್ಟು ತಿಂದದ್ದನ್ನು ಎತ್ತಿ ಬೇರೆ ಇಡುವುದು. ಗಾಯ ಇದ್ದರೆ ಅದು ಬೇಕೇ ಬೇಕು. ಗಾಯ ಇಲ್ಲದಿದ್ದರೆ ಅದರಿಂದ ನಷ್ಟವೇ ಹೆಚ್ಚು. ಗುಂಪು ಬಿಟ್ಟು ಹೋದದ್ದು ವಾಪಸ್ ಬಂದಾಗ ಹೊಸಬರ ಹಾಗೆ ಮತ್ತೆ ಕೆಳಗಿನಿಂದ ಶುರು ಮಾಡಬೇಕು. ಮೊದಲೇ ಕೆಳಗಿದ್ದ ಕೋಳಿಗೆ ಆ ಗತಿ ತರಬೇಡಿ.

ಕಾಟ ಕೊಡುವುದನ್ನು 4-7 ದಿನ ಬೇರೆ ಕಡೆ, ಸಾಧ್ಯವಾದರೆ ಗುಂಪು ಕಾಣದ ಕಡೆ ಇಡಿ. ಮೇವು, ನೀರು, ನೆರಳು ಎಲ್ಲ ಸರಿಯಾಗಿ ಕೊಡಿ. ಅದು ಇಲ್ಲದಾಗ ಉಳಿದವು ತಮ್ಮ ನಡುವೆ ಹೊಸದಾಗಿ ಮೇಲು ಕೆಳಗು ಹೊಂದಿಸಿಕೊಳ್ಳುತ್ತವೆ. ಅದು ವಾಪಸ್ ಬಂದಾಗ ಮೊದಲಿನ ಧಿಮಾಕು ಸಾಮಾನ್ಯವಾಗಿ ಇಳಿದಿರುತ್ತದೆ. ಒಂದು ಸಲಕ್ಕೆ ಆಗದಿದ್ದರೆ ಇನ್ನೊಂದು ಸಲ, ಸ್ವಲ್ಪ ಹೆಚ್ಚು ದಿನ ಇಟ್ಟು ನೋಡಿ.

ಅಷ್ಟಕ್ಕೂ ಬಗ್ಗದಿದ್ದರೆ ಮೂಗಿನ ಮೇಲೆ ಕೂರುವ ಪ್ಲಾಸ್ಟಿಕ್ ಕಣ್ಣಡ್ಡಗಳು ಸಿಗುತ್ತವೆ. ಅದು ನೇರ ಮುಂದೆ ಇರುವುದನ್ನು ಮರೆ ಮಾಡುತ್ತದೆ, ಹಾಗಾಗಿ ಗುರಿ ಇಟ್ಟು ಕುಕ್ಕಲು ಆಗುವುದಿಲ್ಲ, ಪಕ್ಕಕ್ಕೆ ನೋಡಿ ಮೇಯಬಹುದು. ಮೂಗಿನ ನಡುವೆ ಚುಚ್ಚಿ ಹಾಕುವ ಕಡ್ಡಿ ಇರುವಂಥದನ್ನು ದಯವಿಟ್ಟು ಮುಟ್ಟಬೇಡಿ.

ರಕ್ತ ಬರುತ್ತಿದೆ. ಮೊದಲು ಏನು ಮಾಡಬೇಕು?

ಹಕ್ಕಿಯನ್ನು ಆ ಕ್ಷಣವೇ ಹೊರಗೆ ತೆಗೆಯಿರಿ. ಕೋಳಿಗಳಿಗೆ ಕೆಂಪು ಕಂಡರೆ ಕುಕ್ಕುವ ಆಸೆ. ಒಂದು ಶುರು ಮಾಡಿದರೆ ಉಳಿದವೂ ಸೇರಿಕೊಳ್ಳುತ್ತವೆ, ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಬರುತ್ತದೆ.

ಶುದ್ಧ ಬಟ್ಟೆಯಿಂದ ಒತ್ತಿ ಹಿಡಿದು ರಕ್ತ ನಿಲ್ಲಿಸಿ. ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಸುಮಾರು 9 ಗ್ರಾಂ ಉಪ್ಪು ಬೆರೆಸಿ ಅದರಿಂದ ತೊಳೆಯಿರಿ. ಮನೆಯಲ್ಲಿರುವ ಮನುಷ್ಯರ ಮುಲಾಮನ್ನು ಕೈಗೆ ಸಿಕ್ಕ ಹಾಗೆ ಹಚ್ಚಬೇಡಿ, ನೋವು ಮರಗಟ್ಟಿಸುವ ಔಷಧ ಬೆರೆತ ಮುಲಾಮುಗಳು ಹಕ್ಕಿಗಳಿಗೆ ಅಪಾಯ ಆಗಬಹುದು. ಪಶುವೈದ್ಯರನ್ನು ಕೇಳಿ, ಔಷಧ ಕೊಟ್ಟ ಮೇಲೆ ಎಷ್ಟು ದಿನ ಮೊಟ್ಟೆ ತಿನ್ನಬಾರದು ಅಂತಲೂ ಅವರನ್ನೇ ಕೇಳಿ. ಕಣ್ಣಿಗೆ ಪೆಟ್ಟು, ಆಳದ ಸೀಳು, ದ್ವಾರದಿಂದ ಹೊರಗೆ ಬಂದ ಮಾಂಸ ಇದ್ದರೆ ಕಾಯುವ ಮಾತೇ ಇಲ್ಲ.

ನೊಣ ಮುತ್ತದ ಜಾಗದಲ್ಲಿ ಇಡಿ. ತೆರೆದ ಗಾಯದಲ್ಲಿ ನೊಣ ಮೊಟ್ಟೆ ಇಟ್ಟರೆ ಒಂದೇ ದಿನದಲ್ಲಿ ಹುಳ ಆಗುತ್ತದೆ. ದಿನಕ್ಕೆ ಎರಡು ಸಲ ಪುಕ್ಕ ಸರಿಸಿ ನೋಡಿ. ಬಾತಾದರೆ ಗಾಯ ಒಣಗುವ ತನಕ ಕೊಳಕು ನೀರಿಗೆ ಇಳಿಸಬೇಡಿ. ಗಾಯ ಪೂರ್ತಿ ಮುಚ್ಚಿ, ಕೆಂಪು ಹೋದ ಮೇಲಷ್ಟೇ ಗುಂಪಿಗೆ ಬಿಡಿ, ಅದೂ ಮೊದಲು ಜಾಲರಿಯ ಈಚೆಯಿಂದ. ವಾಸಿಯಾಗುತ್ತಿರುವಾಗಲೂ ಗುಂಪು ಕಾಣುವ ಕಡೆ ಇಟ್ಟಿದ್ದರೆ ಮರಳಿ ಸೇರುವುದು ಸಲೀಸು.

ಕೋಳಿಯ ಮೈ ಮೇಲೆ ಪುಕ್ಕವೇ ಇಲ್ಲ. ಕಿತ್ತಿದ್ದು ಯಾರು ಅಂತ ಹೇಗೆ ತಿಳಿಯುವುದು?

ಎಲ್ಲಿ ಬೋಳಾಗಿದೆ ನೋಡಿ, ಅರ್ಧ ಉತ್ತರ ಅಲ್ಲೇ ಇದೆ. ಬೆನ್ನಿನ ಮಧ್ಯ, ರೆಕ್ಕೆಗಳ ಬುಡ ಬೋಳಾಗಿದ್ದರೆ ಹುಂಜ ಹತ್ತಿ ಹತ್ತಿ ಆಗಿದ್ದು. ಹೆಣ್ಣು ಬಾತಿನ ಕತ್ತಿನ ಹಿಂಭಾಗ ಬೋಳಾಗಿದ್ದರೆ ಗಂಡು ಬಾತು. ಬಾಲದ ಬುಡದಲ್ಲಿ ಕಿತ್ತಿದ್ದರೆ ಜೊತೆಯ ಹೇಂಟೆಗಳ ಮೇಲೆ ಅನುಮಾನ ಪಡಿ. ದ್ವಾರದ ಸುತ್ತ ಪುಕ್ಕ ಹೋಗಿ ಚರ್ಮ ಕೆಂಪಾಗಿದ್ದರೆ ಮೊದಲು ಹೇನು, ನುಸಿ ಹುಡುಕಿ. ಕೆಂಪು ನುಸಿ ಹಗಲು ಕೋಲಿನ ಸಂದಿಗಳಲ್ಲಿ ಅಡಗಿದ್ದು ರಾತ್ರಿ ರಕ್ತ ಹೀರಲು ಬರುತ್ತದೆ. ಕತ್ತಲಾದ ಮೇಲೆ ಬಿಳಿ ಬಟ್ಟೆಯಿಂದ ಕೋಲಿನ ಅಡಿಭಾಗ ಒರೆಸಿ, ಬಟ್ಟೆಗೆ ರಕ್ತದ ಗೆರೆ ಹತ್ತಿದರೆ ನುಸಿ ಇದೆ ಅಂತಲೇ ಅರ್ಥ. ಎದೆ, ಹೊಟ್ಟೆ ಬೋಳಾಗಿದ್ದು ಕೋಳಿ ಕಾವಿಗೆ ಕೂತಿದ್ದರೆ ಅದು ತಾನೇ ಕಿತ್ತುಕೊಂಡಿದ್ದು. ತಲೆಯಿಂದ ಶುರುವಾಗಿ ಕತ್ತು, ಮೈ ಅಂತ ಉದುರುತ್ತಾ ಬಂದರೆ ಅದು ವರ್ಷದ ಪುಕ್ಕ ಬದಲಾವಣೆ, ಯಾರ ತಪ್ಪೂ ಇಲ್ಲ.

ಬುಡಸಮೇತ ಕಿತ್ತುಬಂದ ಪುಕ್ಕ ಕೆಲವು ವಾರಗಳಲ್ಲಿ ಮತ್ತೆ ಹುಟ್ಟುತ್ತದೆ. ಮುರಿದು ಕಡ್ಡಿ ಉಳಿದಿದ್ದರೆ ಮುಂದಿನ ಪುಕ್ಕ ಬದಲಾವಣೆಯ ತನಕ ಹಾಗೇ ಇರುತ್ತದೆ. ಹೊಸದಾಗಿ ಮೂಡುವ ಪುಕ್ಕದ ಕಡ್ಡಿಯಲ್ಲಿ ರಕ್ತ ಇರುತ್ತದೆ, ಬೇರೆ ಕೋಳಿಗಳಿಗೆ ಅದೇ ಆಕರ್ಷಣೆ. ಆ ದಿನಗಳಲ್ಲಿ ಬೆನ್ನಿಗೆ ಬಟ್ಟೆಯ ಕವಚ ಕಟ್ಟಿದರೆ ರಕ್ಷಣೆ ಸಿಗುತ್ತದೆ. ಅದರ ಅಡಿಯಲ್ಲಿ ನುಸಿ ಸೇರದ ಹಾಗೆ ಆಗಾಗ ಬಿಚ್ಚಿ ನೋಡಿ.

ಪುಕ್ಕ ಕಿತ್ತು ತಿನ್ನುತ್ತಿವೆ. ಇದೂ ದಬ್ಬಾಳಿಕೆಯಾ?

ಅಲ್ಲ. ಮೇಲು ಕೆಳಗಿನ ಕುಕ್ಕು ತಲೆ, ಜುಟ್ಟಿನ ಮೇಲೆ ಬೀಳುತ್ತದೆ, ರಪ್ಪನೆ ಬಿದ್ದು ಮುಗಿಯುತ್ತದೆ. ಪುಕ್ಕ ಕೀಳುವ ಕೋಳಿ ಹಿಂದಿನಿಂದ ಮೆಲ್ಲಗೆ ಬಂದು ಬಾಲದ ಬುಡದಿಂದ ಎಳೆಯುತ್ತದೆ. ಅದರಲ್ಲಿ ಸಿಟ್ಟು ಇರುವುದಿಲ್ಲ. ನೆಲ ಕೆದಕಿ ಆಹಾರ ಹುಡುಕಬೇಕಾದ ಕೊಕ್ಕಿಗೆ ಬೇರೆ ಕೆಲಸ ಇಲ್ಲದೆ ಅದು ಪುಕ್ಕಕ್ಕೆ ಹೋಗಿದೆ. ಮೇವಿನಲ್ಲಿ ಪ್ರೋಟೀನ್, ಅದರಲ್ಲೂ ಮೆಥಿಯೋನಿನ್ ಎಂಬ ಪ್ರೋಟೀನಿನ ಅಂಶ, ಇಲ್ಲವೇ ಉಪ್ಪಿನಂಶ ಕಮ್ಮಿ ಇದ್ದರೂ ಹೀಗಾಗುತ್ತದೆ.

ಮೊಟ್ಟೆ ಕೋಳಿಗೆ 16 ಶೇಕಡಾ ಪ್ರೋಟೀನ್ ಇರುವ ಮೇವು ಸಾಮಾನ್ಯ. ಪುಕ್ಕ ಬದಲಾಗುವ ಕಾಲದಲ್ಲಿ 18-20 ಶೇಕಡಾ ಕೊಡಿ. ತಟ್ಟೆಯಲ್ಲಿ ಸುರಿಯುವ ಕಾಳಿನಲ್ಲಿ ಸ್ವಲ್ಪ ತೆಗೆದು ಒಣ ಎಲೆ, ಹುಲ್ಲಿನ ನಡುವೆ ಎರಚಿ. ಸೊಪ್ಪಿನ ಕಟ್ಟನ್ನು ಕೊಕ್ಕಿಗೆ ಎಟುಕುವ ಎತ್ತರದಲ್ಲಿ ನೇತುಹಾಕಿ. ಮೈ ಹೊರಳಿಸಲು ಒಣ ಮಣ್ಣಿನ ಗುಂಡಿ ಇರಲಿ. ಬೆಳಕು ಬಹಳ ಪ್ರಖರವಾಗಿದ್ದರೂ ಕುಕ್ಕಾಟ ಹೆಚ್ಚುತ್ತದೆ, ಮೊಟ್ಟೆ ಗೂಡನ್ನು ಮಬ್ಬು ಬೆಳಕಿನಲ್ಲಿಡಿ. ಮೊಟ್ಟೆ ಇಟ್ಟ ಕ್ಷಣ ಹೇಂಟೆಯ ದ್ವಾರ ಕೆಂಪಾಗಿ ಹೊರಗೆ ಕಾಣುತ್ತದೆ. ಅದನ್ನು ನೋಡಿ ಇನ್ನೊಂದು ಕುಕ್ಕಿದರೆ ಆಗುವ ಗಾಯ ತುಂಬಾ ಕೆಟ್ಟದ್ದು.

ಕೊಕ್ಕಿನ ತುದಿ ಕತ್ತರಿಸಿದರೆ ಸರಿಹೋಗುತ್ತದಾ?

ಮನೆಯ ಹಿಂಡಿಗೆ ಅದು ಬೇಡವೇ ಬೇಡ. ಕೊಕ್ಕಿನಲ್ಲಿ ನರಗಳಿವೆ, ನೋವು ಬಹಳ ದಿನ ಉಳಿಯಬಹುದು. ಜಾಗ, ಮೇವು, ನುಸಿ ಸರಿ ಮಾಡದೆ ಕೊಕ್ಕು ಕತ್ತರಿಸಿದರೆ ಕಾರಣ ಹಾಗೇ ಉಳಿಯುತ್ತದೆ.

ಮೊದಲು ಚೆನ್ನಾಗಿದ್ದ ಕೋಳಿಯನ್ನು ಈಗ ಎಲ್ಲವೂ ಸೇರಿ ಕುಕ್ಕುತ್ತಿವೆ. ಯಾಕೆ?

ಆ ಕೋಳಿಗೆ ಹುಷಾರಿಲ್ಲದಿರಬಹುದು. ಕೋಳಿಗಳು ತಮ್ಮ ಕಾಯಿಲೆಯನ್ನು ಆದಷ್ಟು ಮುಚ್ಚಿಡುತ್ತವೆ. ನಮ್ಮ ಕಣ್ಣಿಗೆ ಬೀಳುವ ಮುಂಚೆ ಜೊತೆಯವಕ್ಕೆ ಗೊತ್ತಾಗುತ್ತದೆ. ಮೇಲಿನ ಸ್ಥಾನದಲ್ಲಿದ್ದ ಹೇಂಟೆ ಇದ್ದಕ್ಕಿದ್ದಂತೆ ಕೆಳಗಿಳಿದರೆ ಜಗಳ ಬಿಡಿಸುವುದಕ್ಕಿಂತ ಮೊದಲು ಅದನ್ನು ಎತ್ತಿ ಪರೀಕ್ಷೆ ಮಾಡಿ: ಜುಟ್ಟಿನ ಬಣ್ಣ ಬಿಳಿಚಿದೆಯಾ, ಹಿಕ್ಕೆ ಹೇಗಿದೆ, ತೂಕ ಇಳಿದಿದೆಯಾ, ಅಂಗಾಲಿನಲ್ಲಿ ಬಾವು ಇದೆಯಾ, ಹೊಟ್ಟೆಯಲ್ಲಿ ಮೊಟ್ಟೆ ಸಿಕ್ಕಿಕೊಂಡಿದೆಯಾ.

ತಲೆ ಮೇಲೆ ಪುಕ್ಕದ ದೊಡ್ಡ ಕುಚ್ಚು ಇರುವ ಪೋಲಿಷ್, ಸಿಲ್ಕಿ ತಳಿಗಳಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ಹಿಂದಿನಿಂದ ಬಂದದ್ದು ಗೊತ್ತಾಗದೆ ಸದಾ ಪೆಟ್ಟು ತಿನ್ನುತ್ತವೆ. ಕಣ್ಣ ಮುಂದಿನ ಪುಕ್ಕವನ್ನು ಎಚ್ಚರಿಕೆಯಿಂದ ಕತ್ತರಿಸಿ. ಅದಕ್ಕಿಂತಲೂ, ಸಾಧು ಸ್ವಭಾವದ ತಳಿಗಳ ಜೊತೆ ಮಾತ್ರ ಇಡುವುದು ಒಳ್ಳೆಯದು.

ಕಾವಿಗೆ ಕೂತ ಕೋಳಿ ಹತ್ತಿರ ಹೋದವರಿಗೆಲ್ಲ ಕುಕ್ಕುತ್ತದೆ.

ಅದು ಮೊಟ್ಟೆ ಕಾಯುತ್ತಿದೆ, ಬಿಟ್ಟುಬಿಡಿ. ಕೋಳಿಗೆ 21 ದಿನ, ಸಾಮಾನ್ಯ ಬಾತಿಗೆ 28 ದಿನ, ಮಸ್ಕೊವಿ ಬಾತಿಗೆ ಸುಮಾರು 35 ದಿನ ಕಾವು. ಅಷ್ಟು ದಿನ ಬೇರೆಯವು ಬಂದು ಅದೇ ಗೂಡಿನಲ್ಲಿ ಮೊಟ್ಟೆ ಇಡದ ಹಾಗೆ ಅದಕ್ಕೊಂದು ಪ್ರತ್ಯೇಕ ಮೂಲೆ ಕೊಡಿ. ಮೊಟ್ಟೆಯೊಡೆದ ಮೇಲೆ ತಾಯಿ ಜೊತೆಗಿದ್ದರೆ ಮರಿಗಳನ್ನು ಹಿಂಡಿಗೆ ಸೇರಿಸುವ ಕೆಲಸವನ್ನು ಅದೇ ಮಾಡುತ್ತದೆ, ನಮಗಿಂತ ಚೆನ್ನಾಗಿ.

ಹುಂಜ ಇದ್ದರೆ ಹೇಂಟೆಗಳ ಜಗಳ ಕಮ್ಮಿ ಆಗುತ್ತದಾ?

ಒಳ್ಳೆಯ ಹುಂಜವಾದರೆ ಹೌದು. ಹೇಂಟೆಗಳ ನಡುವೆ ಬಂದು ನಿಲ್ಲುತ್ತದೆ, ಮೇವು ಕಂಡರೆ ಕೂಗಿ ಕರೆದು ಅವಕ್ಕೇ ಬಿಡುತ್ತದೆ. ಆದರೆ ಜಗಳ ಬಿಡಿಸಲೆಂದೇ ಹುಂಜ ತರುವುದು ನನಗೆ ಸರಿ ಕಾಣುವುದಿಲ್ಲ. ಅದರ ಸ್ವಭಾವ ಹೇಗೋ ಏನೋ, ಸಮಸ್ಯೆ ಎರಡಾಗಬಹುದು.

ಹುಂಜ ನಿಮ್ಮ ಮೇಲೇ ಬಂದರೆ ಓಡಬೇಡಿ, ಒದೆಯಲೂ ಬೇಡಿ. ಓಡಿದರೆ ತಾನು ಗೆದ್ದೆ ಅಂದುಕೊಳ್ಳುತ್ತದೆ, ಒದ್ದರೆ ಕಾದಾಟಕ್ಕೆ ಕರೆದ ಹಾಗೆ. ಗಟ್ಟಿಯಾಗಿ ನಿಂತು, ಅದು ಪಕ್ಕಕ್ಕೆ ಸರಿಯುವ ತನಕ ನಿಧಾನಕ್ಕೆ ಅದರ ಕಡೆಗೇ ನಡೆಯಿರಿ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಮೈ ಮೇಲೆ ಎಗರುವ ಹುಂಜ ಇಟ್ಟುಕೊಳ್ಳಬೇಡಿ. ಕಾಲಿನ ಮುಳ್ಳು ಮಗುವಿನ ಕಣ್ಣಿನ ಎತ್ತರಕ್ಕೇ ಬರುತ್ತದೆ.

ಎಲ್ಲ ಮಾಡಿದ್ದಾಯಿತು, ಇನ್ನೂ ಕಾಟ ನಿಂತಿಲ್ಲ.

ಹಾಗಾದರೆ ಆ ಎರಡು ಹಕ್ಕಿಗಳು ಒಂದೇ ಹಿಂಡಿನಲ್ಲಿ ಬಾಳಲಾರವು ಅಂತ ಒಪ್ಪಿಕೊಳ್ಳಬೇಕು. ಶಾಶ್ವತವಾಗಿ ಎರಡು ಗುಂಪು ಮಾಡುವುದು ಒಂದು ದಾರಿ. ಪೆಟ್ಟು ತಿನ್ನುವುದಕ್ಕೆ ಇನ್ನೊಂದು ಸಾಧು ಕೋಳಿಯನ್ನು ಜೊತೆ ಮಾಡಿ, ಒಂಟಿಯಾಗಿ ಇಡಬೇಡಿ. ಕಾಟ ಕೊಡುವುದನ್ನು ಬೇರೆ ಮನೆಗೆ ಕೊಡುವುದು ಇನ್ನೊಂದು ದಾರಿ. ಕೊಡುವಾಗ ಅದರ ಸ್ವಭಾವ ಮುಚ್ಚಿಡದೆ ಹೇಳಿ. ದೊಡ್ಡ ಹಿಂಡು, ದೊಡ್ಡ ಅಂಗಳ ಇರುವ ಕಡೆ ಹೋದರೆ ಇಲ್ಲಿ ಯಜಮಾನಿಕೆ ಮಾಡುತ್ತಿದ್ದ ಹೇಂಟೆ ಅಲ್ಲಿ ಹೊಸಬಳಾಗಿ, ಸುಮ್ಮನೆ ತನ್ನ ಪಾಡಿಗೆ ಮೇಯುತ್ತಾ ಇದ್ದುಬಿಡುವುದು ಅಪರೂಪವೇನಲ್ಲ. ಗಂಡು ಬಾತಾದರೆ ಹೆಣ್ಣುಗಳು ಸಾಕಷ್ಟಿರುವ, ಹೇಂಟೆಗಳ ಜೊತೆ ಬೆರೆಸದ ಮನೆಗೇ ಕೊಡಿ.